ಇದು ನನ್ನ ಉಕ್ಕಲ್ಲ

"ಕೈ ತೆಗೀರಿ ಅಮ್ಮಾ! ಮುಟ್ಟಬಾರದು ಅಂತ ಬೋರ್ಡ್ ಹಾಕಿದಾರೆ, ಕಾಣಿಸ್ತಿಲ್ವಾ?"

ಕಾವಲುಗಾರ ಹುಲ್ಲುಹಾಸಿನ ಆ ತುದಿಯಿಂದಲೇ ಕೂಗುತ್ತ ಓಡಿಬಂದ. ಅತ್ತೆ ಕೈ ತೆಗೆಯಲಿಲ್ಲ, ತಲೆಯನ್ನೂ ತಿರುಗಿಸಲಿಲ್ಲ.

"ಕಾಣಿಸ್ತಿದೆ. ಅದರ ಕೆಳಗೆ ನನ್ನ ಹೆಸರು ಬರೆದಿರೋದೂ ಕಾಣಿಸ್ತಿದೆ. ಮೊದಲು ಆ ಹೆಸರು ಅಳಿಸಿ ಬಾ, ಆಮೇಲೆ ಮುಟ್ಟಲ್ಲ."

ಕಾವಲುಗಾರ ದಿಕ್ಕು ತೋಚದೆ ಸೊಸೆಯ ಮುಖ ನೋಡಿದ. ಇವರನ್ನು ನೀವಾದರೂ ಕರೆದುಕೊಂಡು ಹೋಗಿ ಎನ್ನುವ ನೋಟ.

"ನನ್ನನ್ನ ನೋಡಬೇಡಿ," ಎಂದಳು ಸೊಸೆ. "ಹದಿನೈದು ವರ್ಷದಲ್ಲಿ ಇವರು ನನ್ನ ಒಂದು ಮಾತೂ ಕೇಳಿಲ್ಲ."

ಅತ್ತೆ ತಮ್ಮ ಹಳೆಯ ಕೋಟಿನ ಜೇಬಿನಿಂದ ಸ್ಪ್ಯಾನರ್ ತೆಗೆದರು. ವೆಲ್ಡಿಂಗ್ ಕಿಡಿ ಹಾರಿ ಹಾರಿ ಆ ಕೋಟು ಜರಡಿಯಾಗಿತ್ತು. ಶಿಲ್ಪದ ಎಡಗಾಲಿಗೆ ಒಂದು ಪೆಟ್ಟು ಕೊಟ್ಟರು. ಡಬ್ ಎಂದಿತು. ಇನ್ನೊಂದು ಪೆಟ್ಟು ಕೊಟ್ಟರು. ಮತ್ತೆ ಅದೇ ಡಬ್.

"ಕೇಳಿಸ್ತಾ? ನಾನು ಮಾಡಿದ್ದು ಟೊಳ್ಳು. ತಟ್ಟಿದ್ರೆ ಲೈಬ್ರರಿವರೆಗೂ ಕೇಳಿಸ್ತಿತ್ತು. ಇದು ಗೋಡೆ."

ಬುಡದಲ್ಲಿ ಬೀರುವಿನಷ್ಟು ದಪ್ಪಗಿದ್ದ ಎರಡು ಉಕ್ಕಿನ ಕಾಲುಗಳು, ಮೇಲೆ ಹೋಗುತ್ತ ತೆಳ್ಳಗಾಗಿ, ಒಂದರ ಕಡೆಗೊಂದು ವಾಲಿ, ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ಹಠ ಹಿಡಿದಂತೆ ಬೇರೆ ಬೇರೆ ದಿಕ್ಕಿಗೆ ತಿರುಗಿಬಿಟ್ಟಿದ್ದವು. ಅದು ಮನುಷ್ಯನೂ ಅಲ್ಲ, ಮರವೂ ಅಲ್ಲ. ಏನು ಎಂದು ಕೇಳಿದವರಿಗೆ ಅತ್ತೆ ಯಾವತ್ತೂ ಉತ್ತರ ಕೊಟ್ಟವರಲ್ಲ. ಫಲಕದ ಮೇಲಿನ ಹೆಸರು 'ಬಾಗದ್ದು'. ವಿದ್ಯಾರ್ಥಿಗಳ ಬಾಯಲ್ಲಿ ಮಾತ್ರ ಅದು 'ಅತ್ತೆ ಸೊಸೆ'.

ಮೊನ್ನೆ, ದುರಸ್ತಿಯಾಗಿ ಮರಳಿದ ಶಿಲ್ಪದ ಅನಾವರಣದಲ್ಲಿ ಅತ್ತೆ ಮೈಕು ಹಿಡಿದು "ಇದು ನಾನು ಮಾಡಿದ್ದಲ್ಲ" ಎಂದದ್ದೇ ತಡ, ಮುದುಕಿಗೆ ಮರೆವಿನ ಕಾಯಿಲೆ ಎಂಬ ಸುದ್ದಿ ವಿಶ್ವವಿದ್ಯಾಲಯದ ತುಂಬ ಹರಡಿಬಿಟ್ಟಿತ್ತು.

ಇವತ್ತು ಬೆಳಿಗ್ಗೆ ಕುಲಸಚಿವರ ಕೋಣೆಯಲ್ಲಿ ಸಭೆ. ಗೊಂದಲದಲ್ಲಿ ಏನೋ ಹೇಳಿಬಿಟ್ಟೆ, ಕ್ಷಮಿಸಿ ಎಂಬ ಹಾಳೆಗೆ ಅತ್ತೆ ಸಹಿ ಹಾಕಬೇಕು. ಹಾಕದಿದ್ದರೆ ಕ್ಯಾಂಪಸ್ಸಿನ ಹಿಂಭಾಗದಲ್ಲಿರುವ ಅವರ ವರ್ಕ್‌ಶಾಪಿಗೆ ಬೀಗ. ವರ್ಕ್‌ಶಾಪ್ ಇಲ್ಲದ ಅತ್ತೆಯನ್ನು ಸೊಸೆಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಅವರು ಬೆಳಿಗ್ಗೆ ಎದ್ದು ಮೊದಲು ಹುಡುಕುತ್ತಿದ್ದುದು ಕನ್ನಡಕವನ್ನಲ್ಲ, ವೆಲ್ಡಿಂಗ್ ಮುಖವಾಡವನ್ನು.

ಸೊಸೆ ಖಾಸಗಿ ಪತ್ತೇದಾರಿಕೆಯ ಕಚೇರಿ ನಡೆಸುತ್ತಿದ್ದಳು. ಕಾಣೆಯಾದ ಕಾರು, ಓಡಿಹೋದ ಪಾಲುದಾರ, ವಿಮೆಯ ಆಸೆಗೆ ತನ್ನದೇ ಗೋದಾಮಿಗೆ ಬೆಂಕಿ ಇಟ್ಟುಕೊಂಡ ವ್ಯಾಪಾರಿ. ಮದುವೆಯಾಗಿ ಬಂದ ದಿನದಿಂದ ಅತ್ತೆ ಅವಳ ಕೆಲಸವನ್ನು 'ಕಿಟಕಿ ಇಣುಕೋ ಉದ್ಯೋಗ' ಎಂದೇ ಕರೆಯುತ್ತಿದ್ದರು. ಅವಳು ಅತ್ತೆಯ ಶಿಲ್ಪಗಳನ್ನು ಮನಸ್ಸಿನಲ್ಲೇ 'ಗುಜರಿ' ಎನ್ನುತ್ತಿದ್ದಳು. ಅಲ್ಲಿಗಲ್ಲಿಗೆ ಸರಿಹೋಗಿತ್ತು.

ಆದರೆ ಮೊನ್ನೆ ಅನಾವರಣದಲ್ಲಿ ಯಾರೋ ಕಿಸಕ್ಕನೆ ನಕ್ಕಾಗ ಅವಳ ಮೈ ಉರಿದುಹೋಗಿತ್ತು. ಅತ್ತೆ ಕೆಟ್ಟವರಿರಬಹುದು, ಕಟು ಮಾತಿನವರಿರಬಹುದು. ಮರೆಯುವವರಂತೂ ಅಲ್ಲ. ಮದುವೆಯ ದಿನ ಸೊಸೆ ಎಡವಿದ್ದನ್ನು ಇವತ್ತಿಗೂ ಆಡಿ ತೋರಿಸುವ ಹೆಂಗಸು, ತಾನೇ ಮಾಡಿದ ಉಕ್ಕನ್ನು ಮರೆಯುತ್ತಾರೆಯೇ?

"ಶಬ್ದ ಒಂದನ್ನೇ ಹಿಡ್ಕೊಂಡು ಹೋದ್ರೆ ಆಗಲ್ಲ ಅತ್ತೆ," ಎಂದಳು. "ದುರಸ್ತಿ ಮಾಡಿಸಿದ ನಿಮ್ಮ ಶಿಷ್ಯ ಆಗಲೇ ಉತ್ತರ ಕೊಟ್ಟಿದಾನೆ. ಗಾಳಿಗೆ ಅಲುಗಾಡಬಾರದು ಅಂತ ಒಳಗೆ ಕಾಂಕ್ರೀಟ್ ತುಂಬಿದ್ವಿ ಅಂದಿದಾನೆ."

"ನನ್ನನ್ನ ಒಂದು ಮಾತು ಕೇಳ್ದೇನೇ?"

"ಅದು ಬೇರೆ ಜಗಳ. ಈಗ ಹೇಳಿ, ತುಂಬಿದ್ದು ನಿಜಾನೇ ಆದ್ರೆ ಇದು ನಿಮ್ಮದೇ ಆಗಿರಬಹುದಲ್ವಾ?"

ಅತ್ತೆ ಬಾಯಿ ತೆರೆದು ಮತ್ತೆ ಮುಚ್ಚಿದರು. ಅನಾವರಣದ ದಿನವೂ ಶಿಷ್ಯ ಇದೇ ಮಾತು ಹೇಳಿದಾಗ ಅವರು ಹೀಗೇ ಗಕ್ಕನೆ ನಿಂತಿದ್ದರು. ಆ ಮೌನವನ್ನೇ ಜನ ಕಾಯಿಲೆ ಎಂದಿದ್ದು.

ಸೊಸೆ ಸುತ್ತ ಕಣ್ಣಾಡಿಸಿದಳು. ಬೇಲಿ ಕತ್ತರಿಸುತ್ತಿದ್ದ ತೋಟದವನ ಏಣಿ ಗೋಡೆಗೆ ಒರಗಿತ್ತು. ಎಳೆದು ತಂದು ಶಿಲ್ಪಕ್ಕೆ ಆನಿಸಿದಳು.

"ಮೇಡಂ, ನೀವೂ ಶುರುಮಾಡಿದ್ರಾ?" ಕಾವಲುಗಾರ ತಲೆ ಚಚ್ಚಿಕೊಂಡ.

"ಏಣಿ ಹಿಡ್ಕೊಳ್ಳಿ. ನಾನು ಬಿದ್ದು ಸತ್ರೆ ನಿಮಗೇ ತಾಪತ್ರಯ."

ಅವನು ಗೊಣಗುತ್ತ ಹಿಡಿದುಕೊಂಡ. ಅವಳು ತುದಿಯವರೆಗೂ ಹತ್ತಿದಳು. ಬೆಸುಗೆಯ ಒಂದೊಂದು ಗೀಟಿನ ಮೇಲೂ ಬೆರಳಾಡಿಸಿದಳು. ಅಂಚಿನಿಂದ ಅಂಚಿಗೆ ಉದ್ದನೆಯ ಪ್ಲೇಟುಗಳು, ನಡುವೆ ನೇರ ಬೆಸುಗೆ. ಎಲ್ಲೂ ತೇಪೆಯಿಲ್ಲ. ಕೊರೆದು ಮುಚ್ಚಿದ ಗುರುತು ಒಂದೂ ಇಲ್ಲ. ಎಡಗಾಲು ಮುಗಿಸಿ, ಇಳಿದು, ಏಣಿ ಸರಿಸಿ ಬಲಗಾಲನ್ನೂ ನೋಡಿದಳು. ಅಲ್ಲೂ ಅಷ್ಟೇ.

ಕೆಳಗಿಳಿದಾಗ ಅವಳ ಅಂಗೈ ತುಕ್ಕಿನ ಬಣ್ಣವಾಗಿತ್ತು.

"ಅತ್ತೆ, ಮುಚ್ಚಿದ ಡಬ್ಬಿಯೊಳಗೆ ಕಾಂಕ್ರೀಟ್ ಹೇಗೆ ಸುರೀತಾರೆ?"

"ತೂತು ಮಾಡಿ."

"ತೂತು ಎಲ್ಲಿದೆ?"

ಅತ್ತೆ ಶಿಲ್ಪವನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವರ ಮುಖದಲ್ಲಿ ಮೊನ್ನೆಯಿಂದ ಕಾಣದಿದ್ದ ಕಳೆ ಬಂತು.

"ಕಟ್ಟೋವಾಗಲೇ ತುಂಬ್ಕೊಂಡು ಬಂದಿದಾರೆ. ತುಂಬಿ ಆದ್ಮೇಲೆ ಕೊನೇ ಪ್ಲೇಟ್ ಮುಚ್ಚಿದಾರೆ. ಅಂದ್ರೆ ಇದು ಬುಡದಿಂದ ತುದಿವರೆಗೂ ಹೊಸದು!" ಸೊಸೆಯ ಕಡೆ ತಿರುಗಿದರು. "ಪರವಾಗಿಲ್ವೇ ನೀನು. ಕಿಟಕಿ ಇಣುಕಿ ಇಣುಕಿ ಕಣ್ಣು ಚುರುಕಾಗಿದೆ."

ಹದಿನೈದು ವರ್ಷದಲ್ಲಿ ಅತ್ತೆಯಿಂದ ಬಂದ ಮೊದಲ ಹೊಗಳಿಕೆ. ಸವಿಯಲು ಸೊಸೆಗೆ ಪುರುಸೊತ್ತಿರಲಿಲ್ಲ. ಅವಳ ತಲೆಯಲ್ಲಿ ಇನ್ನೊಂದು ಮುಳ್ಳು ಚುಚ್ಚುತ್ತಿತ್ತು. ನಕಲು ಮಾಡುವವನು ಟೊಳ್ಳಾಗಿ ಮಾಡಿದ್ದರೆ ಕೆಲಸ ಸುಲಭ, ಸಾಗಿಸುವುದೂ ಸುಲಭ. ಶಬ್ದವೂ ಅದೇ ಬರುತ್ತಿತ್ತು, ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಇಷ್ಟು ಭಾರ ಯಾಕೆ ತುಂಬಿದ? ಟೊಳ್ಳು ಎಂದರೇ ಅವನಿಗೆ ಭಯವೇ?

"ಅತ್ತೆ, ನಿಮ್ಮ ಶಿಲ್ಪದ ಟೊಳ್ಳಿನಲ್ಲಿ ಏನಿತ್ತು?"

"ಗಾಳಿ. ಇನ್ನೇನಿರತ್ತೆ?"

ಅಷ್ಟರಲ್ಲಿ ರಸ್ತೆಯ ಅಂಚಿನಲ್ಲಿ ಕಾರು ನಿಂತಿತು. ಅವಳ ಗಂಡ, ಅತ್ತೆಯ ಒಬ್ಬನೇ ಮಗ, ಅಮ್ಮನ ಶಾಲು ಹಿಡಿದುಕೊಂಡು ಇಳಿದು ಬಂದ. ಹಲ್ಲಿನ ಡಾಕ್ಟರು. ಹಲ್ಲು ಕೀಳುವಾಗಲೂ ರೋಗಿಯ ಕ್ಷಮೆ ಕೇಳುವಂಥ ಮೆದು ಮನುಷ್ಯ.

"ಹೊತ್ತಾಯ್ತಮ್ಮ, ಕಾಯ್ತಿದಾರೆ. ಒಂದು ಸಹಿ ಅಷ್ಟೇ. ಆಮೇಲೆ ಡಾಕ್ಟರ ಹತ್ರ ಹೋಗಿಬರೋಣ."

"ನೀನೇ ಡಾಕ್ಟರು ಅಲ್ವಾ? ನೋಡು, ಹಲ್ಲು ಎಲ್ಲಾ ಗಟ್ಟಿಯಾಗಿದೆ," ಎಂದು ಅತ್ತೆ ಬಾಯಿ ತೆರೆದು ತೋರಿಸಿ, ಶಾಲನ್ನು ಅವನ ಕೈಯಲ್ಲೇ ಬಿಟ್ಟು ಮುಂದೆ ನಡೆದರು.

*

ಕುಲಸಚಿವರ ಕೋಣೆಯಲ್ಲಿ ಉದ್ದನೆಯ ಮೇಜು, ಗಾಜಿನ ಹೊದಿಕೆ, ಗೋಡೆಯ ಮೇಲೆ ಸಾಲಾಗಿ ಹಿಂದಿನ ಕುಲಸಚಿವರ ಫೋಟೋಗಳು. ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಥರ ಮುಗುಳ್ನಗುತ್ತಿದ್ದರು. ಈಗಿನವರೂ ಅದೇ ಕುರ್ಚಿಯಲ್ಲಿ ಅದೇ ನಗೆ ಹೊತ್ತು ಕೂತಿದ್ದರು.

ಅವರ ಬಲಕ್ಕೆ ಶಿಷ್ಯ. ಒಂದು ಕಾಲಕ್ಕೆ ಅತ್ತೆಯ ವರ್ಕ್‌ಶಾಪಿನಲ್ಲಿ ಉಕ್ಕು ಹೊತ್ತವನು. ಈಗ ಶಿಲ್ಪಕಲಾ ವಿಭಾಗದ ಮುಖ್ಯಸ್ಥ, ದುರಸ್ತಿಯ ಉಸ್ತುವಾರಿಯೂ ಅವನದೇ. ಅತ್ತೆ ಒಳಗೆ ಬಂದಾಗ ಅಭ್ಯಾಸಬಲದಿಂದ ಎದ್ದು ನಿಂತ. ಕುಲಸಚಿವರು ನೋಡಿದ್ದರಿಂದ ಮತ್ತೆ ಕೂತ.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ವಯಸ್ಸಾದ ಮೇಲೆ ಇದೆಲ್ಲ ಸಹಜ," ಎಂದು ಕುಲಸಚಿವರು ಹಾಳೆ, ಪೆನ್ನು ಎರಡನ್ನೂ ಮುಂದೆ ತಳ್ಳಿದರು. "ಎರಡೇ ಸಾಲು. ನಿಮ್ಮ ಗೌರವಕ್ಕೆ ಧಕ್ಕೆ ಬರದ ಹಾಗೆ ಬರೆಸಿದೀನಿ."

"ನನ್ನ ಗೌರವ ನಾನು ನೋಡ್ಕೋತೀನಿ," ಎಂದರು ಅತ್ತೆ ಕಡ್ಡಿ ಮುರಿದಂತೆ. "ನನ್ನ ಶಿಲ್ಪ ಎಲ್ಲಿದೆ?"

"ಹೊರಗಡೆ ನಿಂತಿದೆಯಲ್ಲಾ ಅಮ್ಮಾ. ಕಿಟಕಿಯಿಂದಲೇ ಕಾಣತ್ತೆ."

ಸೊಸೆ ಕುರ್ಚಿ ಎಳೆದುಕೊಂಡು ಶಿಷ್ಯನ ಎದುರಿಗೇ ಕೂತಳು. "ಸರ್, ನನಗೆ ಶಿಲ್ಪ ಗಿಲ್ಪ ಗೊತ್ತಾಗಲ್ಲ. ಒಂದು ಸಣ್ಣ ಅನುಮಾನ. ಒಳಗೆ ಕಾಂಕ್ರೀಟ್ ತುಂಬಿದ್ದು ದುರಸ್ತಿ ಮಾಡೋವಾಗ ತಾನೆ?"

"ಹೌದು."

"ಎಲ್ಲಿಂದ ಸುರಿದ್ರಿ?"

"ಮೇಲಿಂದ. ತುದೀಲಿ ತೂತು ಕೊರೆದು."

"ಆ ತೂತು ನನಗೆ ತೋರಿಸ್ತೀರಾ? ಏಣಿ ಅಲ್ಲೇ ಇದೆ. ನಾನು ಈಗ ತಾನೇ ತುದಿಯಿಂದ ಬುಡದವರೆಗೂ ಕೈಯಾಡಿಸಿ ಬಂದೆ." ತುಕ್ಕು ಹತ್ತಿದ ಅಂಗೈಯನ್ನು ಗಾಜಿನ ಮೇಲೆ ಇಟ್ಟಳು. "ಎಲ್ಲೂ ಸಿಗಲಿಲ್ಲ."

ಶಿಷ್ಯ ನೀರಿನ ಲೋಟಕ್ಕೆ ಕೈ ಚಾಚಿದ. ಲೋಟ ಖಾಲಿಯಿತ್ತು.

"ಮುಚ್ಚಿದ ಮೇಲೆ ಉಜ್ಜಿ ನುಣುಪು ಮಾಡಿದೀವಿ..."

"ಏಯ್," ಎಂದರು ಅತ್ತೆ. ದನಿ ಎತ್ತಲಿಲ್ಲ. "ಬೆಸುಗೆ ಹಾಕೋದು ಕಲಿಸಿದ್ದು ನಾನು. ಎಷ್ಟೇ ಉಜ್ಜಿದ್ರೂ ಹೊಸ ಬೆಸುಗೆ ಹಳೇದರ ಪಕ್ಕ ಬೇರೆ ಬಣ್ಣಕ್ಕೆ ತುಕ್ಕು ಹಿಡಿಯತ್ತೆ ಅಂತ ನಿನಗೆ ಹೇಳಿಕೊಟ್ಟಿದ್ದೂ ನಾನೇ. ನನ್ನ ಮುಖ ನೋಡಿ ಹೇಳು. ಅದು ನನ್ನ ಉಕ್ಕಾ?"

ಶಿಷ್ಯ ಮುಖ ನೋಡಲಿಲ್ಲ.

"ಹೇಳೋ!"

"ಅಲ್ಲ ಮೇಡಂ."

ಕುಲಸಚಿವರು ಪೆನ್ನಿನಿಂದ ಮೇಜು ಕುಟ್ಟಿದರು. "ಬಾಯಿ ಮುಚ್ಕೊಂಡು ಕೂತಿರಿ ಅಂದಿದ್ದೆ!"

"ಇನ್ನೆಷ್ಟು ದಿನ ಸರ್?" ಶಿಷ್ಯನ ಕಣ್ಣು ಕೆಂಪಾಗಿತ್ತು. "ಅದು ಹೊಸದು ಮೇಡಂ. ಪೂರ್ತಿ ಹೊಸದು. ಇದೆಲ್ಲ ಮಾಡಿದ್ದು ನಿಮ್ಮನ್ನ ಉಳಿಸೋಕೆ."

ಅತ್ತೆ ನಕ್ಕರು. "ನನ್ನನ್ನ ಉಳಿಸೋಕೆ ನನಗೇ ಹುಚ್ಚಿ ಪಟ್ಟ ಕಟ್ಟಿದ್ರಾ?"

ಸೊಸೆ ಗಂಡನ ಕಡೆ ತಿರುಗಿದಳು. ಅಮ್ಮನ ಮಾತೇ ಸರಿ ಎಂದು ಈಗ ಸಾಬೀತಾಗಿತ್ತು. ಅವನು ಎದ್ದು ಬಂದು ಅಮ್ಮನ ಕೈ ಹಿಡಿಯಬೇಕಿತ್ತು. ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಶಾಲನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತಿದ್ದ.

ಕುಲಸಚಿವರ ಮುಖದ ನಗೆ ಆರಿತ್ತು. ಅವರು ಎದ್ದು ಬಾಗಿಲು ಮುಚ್ಚಿ ಬಂದರು. ಬೀರುವಿನಿಂದ ಸಣ್ಣ ರಟ್ಟಿನ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

"ನೀವಾಗಿ ಕೇಳಿದ್ರಿ. ಆಮೇಲೆ ನನ್ನನ್ನ ಬೈಬೇಡಿ. ದುರಸ್ತಿಗೆ ಅಂತ ನಿಮ್ಮ ಶಿಲ್ಪದ ಎಡಗಾಲು ಕತ್ತರಿಸಿದಾಗ ಒಳಗೆ ಒಬ್ಬ ಮನುಷ್ಯನ ಮೂಳೆಗಳು ಸಿಕ್ಕವು. ಜೊತೆಗೆ ಇದು."

ಪೆಟ್ಟಿಗೆಯೊಳಗೆ ಒಂದು ಕನ್ನಡಕ. ದಪ್ಪ ಗಾಜು. ಒಂದು ಕಡೆಯ ಕಡ್ಡಿ ಮುರಿದ ಜಾಗದಲ್ಲಿ ಹಿತ್ತಾಳೆ ತಂತಿಯನ್ನು ಒತ್ತೊತ್ತಾಗಿ, ಒಂದೇ ಅಳತೆಯಲ್ಲಿ ಸುತ್ತಲಾಗಿತ್ತು.

ಅತ್ತೆ ಬೆರಳು ಚಾಚಿ ತಂತಿಯನ್ನು ಮುಟ್ಟಿದರು.

"ಇದು ಸುತ್ತಿದ್ದು ನಾನು," ಎಂದರು. "ಇದು ನನ್ನ ಗಂಡಂದು. ಇದಿಲ್ದೆ ಅವರಿಗೆ ಪಕ್ಕದಲ್ಲಿ ಕೂತವರ ಮುಖವೂ ಕಾಣಿಸ್ತಿರಲಿಲ್ಲ."

ಸೊಸೆ ಮಾವನನ್ನು ಕಂಡವಳಲ್ಲ. ಶಿಲ್ಪ ನೆಟ್ಟ ವರ್ಷ ಹೆಂಡತಿಯ ಜೊತೆ ಜಗಳವಾಡಿ ದೂರದೇಶಕ್ಕೆ ಹೊರಟುಹೋದರು, ಅಲ್ಲೇ ಬೇರೆ ಸಂಸಾರ ಮಾಡಿಕೊಂಡರು ಎಂದಷ್ಟೇ ಕೇಳಿದ್ದಳು. ಮನೆಯಲ್ಲಿ ಮಗನೊಬ್ಬನನ್ನು ಬಿಟ್ಟು ಬೇರೆ ಯಾರೂ ಅವರ ಮಾತು ಎತ್ತುತ್ತಿರಲಿಲ್ಲ.

"ನೋಡಿ ಅಮ್ಮಾ," ಕುಲಸಚಿವರ ದನಿ ಮತ್ತೆ ಮೆತ್ತಗಾಯಿತು. "ಪೊಲೀಸರಿಗೆ ಹೇಳಿದ್ರೆ ಮೊದಲು ಯಾರನ್ನ ಹಿಡೀತಾರೆ? ಗಂಡನ ಜೊತೆ ಜಗಳ ಆಡಿದವರು ನೀವು, ಉಕ್ಕು ಬೆಸೆದವರೂ ನೀವು. ಇಷ್ಟು ವರ್ಷ ವಿಶ್ವವಿದ್ಯಾಲಯಕ್ಕೆ ಹೆಸರು ತಂದವರನ್ನ ಜೈಲಿಗೆ ಕಳಿಸೋಕೆ ನಮಗೆ ಮನಸ್ಸಾಗಲಿಲ್ಲ. ಸದ್ದಿಲ್ಲದೆ ಇನ್ನೊಂದು ಮಾಡಿಸಿ ನಿಲ್ಲಿಸಿದ್ವಿ. ಈಗ ಸಹಿ ಹಾಕಿ. ಎಲ್ಲ ಇಲ್ಲಿಗೇ ಮುಗೀಲಿ."

"ಮೂಳೆ ಎಲ್ಲಿವೆ?" ಸೊಸೆ ಕೇಳಿದಳು.

"ಇರಬೇಕಾದ ಕಡೆ ಇವೆ."

"ಅಂದ್ರೆ ಬಚ್ಚಿಟ್ಟಿದೀರಿ. ಸರ್, ನನ್ನ ಕೆಲಸದಲ್ಲಿ ಬೇಕಾದಷ್ಟು ಜನರನ್ನ ನೋಡಿದೀನಿ. ಇನ್ನೊಬ್ಬರ ಗೌರವ ಉಳಿಸೋಕೆ ಹೆಣ ಬಚ್ಚಿಟ್ಟವರನ್ನ ಇವತ್ತಿನವರೆಗೂ ನೋಡಿಲ್ಲ. ನೀವು ಉಳಿಸಿದ್ದು ವಿಶ್ವವಿದ್ಯಾಲಯದ ಹೆಸರು."

"ತಡಿ," ಎಂದು ಅತ್ತೆ ಅವಳ ತೋಳು ಹಿಡಿದರು. ಅವರ ಹಣೆಯಲ್ಲಿ ಗೆರೆ ಮೂಡಿತ್ತು. ಮರೆವಿನ ಗೆರೆಯಲ್ಲ, ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕುವವರ ಗೆರೆ. "ಅವರು ಹೇಗೆ ಸತ್ತಿರೋಕೆ ಸಾಧ್ಯ? ಹೋದ ತಿಂಗಳು ಫೋನ್ ಮಾಡಿದ್ರಲ್ಲ! ಪ್ರತಿ ತಿಂಗಳೂ ಮಾಡ್ತಾರಲ್ಲ, ಇವನ ಕ್ಲಿನಿಕ್ಕಿಗೆ..."

ಅವರು ಮಗನ ಕಡೆ ತಿರುಗಿದರು.

'ಅಪ್ಪ ಫೋನ್ ಮಾಡಿದ್ರು, ಚೆನ್ನಾಗಿದಾರಂತೆ.' ಊಟಕ್ಕೆ ಕೂತಾಗ, ಕಾರಿನಲ್ಲಿ ಹೋಗುವಾಗ, ಎಷ್ಟು ಸಲ ಕೇಳಿದ್ದಳು ಸೊಸೆ ಆ ಮಾತನ್ನು! ಕ್ಲಿನಿಕ್ಕಿನಲ್ಲಿ ಬಂದ ಫೋನು. ಬೇರೆ ಯಾರೂ ಎತ್ತದ ಫೋನು. ಆ ದನಿಯನ್ನು ಅವಳು ಕೇಳಿರಲಿಲ್ಲ, ಅತ್ತೆ ಕೇಳಿರಲಿಲ್ಲ.

ಎದ್ದು ಗಂಡನ ಮುಂದೆ ಹೋಗಿ ನಿಂತಳು.

"ರೀ, ಹೋದ ತಿಂಗಳು ಫೋನ್‌ನಲ್ಲಿ ಮಾತಾಡಿದ್ದು ಯಾರು?"

ಗಂಡ ಶಾಲು ಮಡಿಸಿದ.

"ಕೇಳ್ತಿದೀನಿ. ಯಾರು ಮಾತಾಡಿದ್ದು?"

ಅವನು ಶಾಲು ಬಿಚ್ಚಿ ಮತ್ತೆ ಮಡಿಸತೊಡಗಿದ.

"ಬಾಯಿ ಬಿಡು! ಯಾರ ಜೊತೆ ಮಾತಾಡ್ತಿದ್ದೆ ನೀನು?"

ಹದಿನೈದು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಅದು ಅವನಿಗಿಂತ ಮೊದಲು ಅವಳಿಗೇ ತಾಗಿತು.

"ಮನೆ ಜಗಳ ಮನೇಲಿ ಮಾಡ್ಕೊಳ್ಳಿ," ಎಂದು ಕುಲಸಚಿವರು ಪೆನ್ನಿನ ಮುಚ್ಚಳ ತೆಗೆದು ಅತ್ತೆಯ ಕೈಗೆ ಕೊಟ್ಟರು. "ಅಮ್ಮಾ, ಆ ಕಾಲು ಮುಚ್ಚಿ ಬೆಸೆದವರು ನೀವು. ಅದೊಂದು ನೆನಪಿಟ್ಕೊಂಡು ಸಹಿ ಹಾಕಿ."

ಅತ್ತೆ ಪೆನ್ನು ಹಿಡಿದರು. ಆದರೆ ಹಾಳೆ ನೋಡಲಿಲ್ಲ. ತಮ್ಮ ಬಲಗೈಯನ್ನು ಮೇಲೆತ್ತಿ, ಅಂಗೈಯಿಂದ ಮಣಿಕಟ್ಟಿನವರೆಗೂ ಸುಕ್ಕುಗಟ್ಟಿದ ಹಳೆಯ ಸುಟ್ಟ ಕಲೆಯನ್ನು ದಿಟ್ಟಿಸಿದರು.

"ಮುಚ್ಚಿದ್ದು ನಾನಲ್ಲ."

"ಏನು?"

"ಎಡಗಾಲಿನ ಕೊನೇ ಪ್ಲೇಟ್ ಹಾಕೋ ವಾರ ಈ ಕೈ ಸುಟ್ಟಿತ್ತು. ಆಸ್ಪತ್ರೇಲಿದ್ದೆ. ನೆಡೋ ದಿನ ಹತ್ತಿರ ಬಂದಿತ್ತು, ನಿಲ್ಲಿಸೋ ಹಾಗಿರಲಿಲ್ಲ. ನಾನು ವಾಪಸ್ ಬರೋ ಹೊತ್ತಿಗೆ ಮುಚ್ಚಿ ಮುಗಿಸಿದ್ರು." ಅವರ ಬೆರಳು ನಿಧಾನಕ್ಕೆ ಎದ್ದು ಮೊದಲು ಶಿಷ್ಯನನ್ನು, ಆಮೇಲೆ ಬಾಗಿಲ ಪಕ್ಕದ ಮಗನನ್ನು ತೋರಿಸಿತು. "ಇವನು, ಅವನು. ಇಬ್ಬರೂ ಸೇರಿ. ಎಷ್ಟು ಚೆನ್ನಾಗಿ ಬೆಸೆದಿದೀರಿ ಅಂತ ನಾನು ಬೆನ್ನು ತಟ್ಟಿದ್ದೆ."

ಕುಲಸಚಿವರು ಗಕ್ಕನೆ ಶಿಷ್ಯನ ಕಡೆ ನೋಡಿದರು. ಇದು ಅವರಿಗೂ ಗೊತ್ತಿರಲಿಲ್ಲ ಎಂಬುದು ಆ ನೋಟದಲ್ಲೇ ಸ್ಪಷ್ಟವಾಗಿತ್ತು.

ಗಂಡ ಎದ್ದ. ಶಾಲು ಕೆಳಗೆ ಬಿತ್ತು. ಅಮ್ಮನ ಪಕ್ಕಕ್ಕೆ ಬಂದು, ಚಿಕ್ಕ ಮಕ್ಕಳು ಕೂರುವಂತೆ ಅವರ ಕಾಲ ಬಳಿ ನೆಲದ ಮೇಲೆ ಕೂತ.

"ಸಹಿ ಹಾಕಿಬಿಡಮ್ಮ."

"ನನಗೆ ಮರೆವಿದೆ ಅಂತಾನಾ?"

"ಹೂಂ. ನಿನಗೋಸ್ಕರ ಅಲ್ಲ. ನನಗೋಸ್ಕರ."

ಅತ್ತೆ ಮಗನ ತಲೆಯ ಮೇಲೆ ಸುಟ್ಟ ಕೈ ಇಟ್ಟರು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಹಾಕಿಬಿಡುತ್ತಾರೆ ಎಂದುಕೊಂಡಳು ಸೊಸೆ. ತಾಯಿಯಾದವಳು ಇನ್ನೇನು ತಾನೆ ಮಾಡಿಯಾಳು?

ಅತ್ತೆ ಕೈ ತೆಗೆದರು. ಪೆನ್ನಿಗೆ ಮುಚ್ಚಳ ಹಾಕಿ ಗಾಜಿನ ಮೇಲೆ ಉರುಳಿಸಿದರು. ಅದು ಉರುಳಿಕೊಂಡು ಹೋಗಿ ಕುಲಸಚಿವರ ಮಡಿಲಿಗೆ ಬಿತ್ತು.

"ನಿನಗೋಸ್ಕರ ಏನೇನೋ ಮಾಡಿದೀನಿ. ಇದು ಮಾತ್ರ ಮಾಡಲ್ಲ. ನನ್ನ ಕೆಲಸದ ಹೊಟ್ಟೇಲಿ ನನ್ನ ಗಂಡನ್ನ ಹೂತಿಟ್ಟು, ಇಷ್ಟು ವರ್ಷ ಅದರ ಮುಂದೆ ನನ್ನನ್ನ ನಿಲ್ಲಿಸಿ ಹಾರ ಹಾಕಿಸಿದೀರಿ. ನೆನಪಿಲ್ಲ ಅಂತ ಬರೆದುಕೊಡಲ್ಲ. ಜೀವ ಹೋದ್ರೂ ಬರೆದುಕೊಡಲ್ಲ." ಸೊಸೆಯ ಕಡೆ ತಿರುಗಿದರು. "ಪೊಲೀಸರಿಗೆ ಫೋನ್ ಮಾಡು. ನಿನ್ನ ಕೈಲಿ ಆಗದಿದ್ರೆ ಫೋನ್ ಇಲ್ಲಿ ಕೊಡು, ನಾನು ಮಾಡ್ತೀನಿ."

"ಕೊಡಬೇಡಿ! ಯೋಚನೆ ಮಾಡಿ!" ಕುಲಸಚಿವರು ಎದ್ದು ನಿಂತರು.

ಗಂಡ ನೆಲದ ಮೇಲಿಂದಲೇ ಹೆಂಡತಿಯ ಮುಖ ನೋಡಿದ. ಬೇಡ ಎಂದು ತಲೆಯಾಡಿಸಿದ. ಕಣ್ಣಲ್ಲಿ ಬೆದರಿಕೆಯಿರಲಿಲ್ಲ, ಬರೀ ಬೇಡಿಕೆ. ಅದನ್ನು ನೋಡುವುದೇ ಅವಳಿಗೆ ಕಷ್ಟವಾಯಿತು.

ಅವಳು ಬೆನ್ನು ತಿರುಗಿಸಿ ಅತ್ತೆಯ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು. ನಂಬರು ಒತ್ತಿದಳು.

"ಪೊಲೀಸ್ ಠಾಣೆ. ಹೇಳಿ."

"ವಿಶ್ವವಿದ್ಯಾಲಯದಿಂದ ಮಾತಾಡ್ತಿದೀನಿ. ಕುಲಸಚಿವರ ಕೋಣೆ. ಒಂದು ಹಳೇ ಕೊಲೆ ವಿಚಾರ."

"ಯಾರ ಮೇಲೆ ಅನುಮಾನ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಶಿಷ್ಯ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಅವನು ಅವಳನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ನೆಲದ ಮೇಲೆ ಕೂತಿದ್ದ ಹಲ್ಲಿನ ಡಾಕ್ಟರನ್ನೇ ನೋಡುತ್ತ, ಹಳೆಯ ಗೆಳೆಯನೊಂದಿಗೆ ಮಾತಾಡುವಂತೆ ಮೆಲ್ಲಗೆ ಕೇಳಿದ:

"ಆವತ್ತು ಪ್ಲೇಟ್ ಮುಚ್ಚೋವಾಗ ಒಳಗಿಂದ ಬಡಿಯೋ ಸದ್ದು ಬಂತಲ್ಲ... ಅದನ್ನ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಹಲೋ?" ಎಂದಿತು ಫೋನು. "ಯಾರ ಮೇಲೆ ಅನುಮಾನ ಅಂತ ಕೇಳಿದ್ದು."